ಕುಬಸದ ಹಾಡಿನ ಹಂಪಮ್ಮ

ಮಾನ್ವಿ ಸುತ್ತ ಯಾವ ಬಸುರಿಗೆ ಸೀಮಂತದ ಕುಬಸವಿದ್ದರೂ ಮುದುಕಿ ಹಂಪಮ್ಮ ಕರೆಯದೆಯೇ ಬರುತ್ತಾಳೆ, ಸ್ಪೀಕರ್ ಬಂದ್ ಮಾಡಿಸುತ್ತಾಳೆ, ನಾಲ್ಕು ಹೋಳಿಗೆ ಉಂಡು ಐದನೆಯದಕ್ಕೆ ಕೈಚಾಚುತ್ತಾ ಬೆಲ್ಲ ಕಡಿಮೆಯಾಯ್ತು ಎನ್ನುತ್ತಾಳೆ. ಹಾಡುವ ಮೊದಲು ಬಸುರಿಯ ಕಿವಿಯಲ್ಲಿ, "ಖರೇ ಹೇಳು, ಒಳಗ ಹೆಂಗದ?" ಎಂದು ಕೇಳುವುದು ನಲವತ್ತು ವರ್ಷದ ರೂಢಿ. ಮೊನ್ನೆ ಪೋತ್ನಾಳದಲ್ಲಿ ಬಸುರಿ ಮೌನೇಶ್ವರಿ, "ಖುಷಿನೂ ಅದ, ಎಲ್ಲಿಗಾರ ಓಡಿಹೋಗಬೇಕಂತನೂ ಅನಸ್ತದ" ಎಂದು ಪಿಸುಗುಟ್ಟಿದಳು. ಹಂಪಮ್ಮ ಅದನ್ನೇ ಹಾಡಿದಳು: "ಕಾಲುವಿ ನೀರು ಬಂತವ್ವ, ಗದ್ದಿ ನಕ್ಕಾವ, ಒಡ್ಡು ನಡುಗ್ಯಾವ." ಅತ್ತೆ ಅದು ಬೆಳೆಯ ಹಾಡೆಂದು ತಲೆದೂಗಿದಳು, ಮೌನೇಶ್ವರಿ ಕಣ್ಣೊರೆಸಿಕೊಂಡು, "ಯವ್ವಾ, ನಿನ್ನ ಕುಬಸದಾಗ ಏನ್ ಹಾಡಿದ್ರು?" ಎಂದಳು. ಐದನೆಯ ಹೋಳಿಗೆಗೆ ಕೈಚಾಚಿದ್ದ ಹಂಪಮ್ಮ ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ, "ಭಾಳ ಛಂದ ಹಾಡಿದ್ರವ್ವಾ," ಎಂದಳು. "ಒಳಗ ಹೆಂಗದ ಅಂತ ಮಾತ್ರ ಯಾರೂ ಕೇಳಲಿಲ್ಲ."