ಬ್ಯಾಡಗಿ ಬಿಟ್ಟ ವರ್ಷ

ಬ್ಯಾಡಗಿಯಲ್ಲಿ ನಮ್ಮ ಬಾಡಿಗೆ ಮನೆ ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ಸುಗ್ಗಿಯ ತಿಂಗಳುಗಳಲ್ಲಿ ಬಂದ ನೆಂಟರು ಹೊಸ್ತಿಲು ದಾಟುವ ಮೊದಲೇ ಸೀನತೊಡಗುತ್ತಿದ್ದರು. ನಾವು ನಗುತ್ತಿದ್ದೆವು. ಮದುವೆಯಾದ ಹೊಸದರಲ್ಲಿ ನಾನೂ ಮೂಗಿಗೆ ಸೆರಗು ಹಿಡಿದುಕೊಂಡೇ ಅಡುಗೆ ಮಾಡಿದವಳು. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಘಾಟು ಗಾಳಿಯದೇ ವಾಸನೆ ಅನ್ನಿಸಿಬಿಟ್ಟಿತ್ತು.

ಮಗಳಿಗೆ ಮಾತ್ರ ಅದು ರೂಢಿಯಾಗಲಿಲ್ಲ. ಆರನೇ ವರ್ಷಕ್ಕೆ ಕೆಮ್ಮು ಶುರುವಾಯಿತು, ಒಂಬತ್ತು ತುಂಬುವ ಹೊತ್ತಿಗೆ ದಮ್ಮು. ಸೋಮವಾರ, ಗುರುವಾರ ಮಾರುಕಟ್ಟೆ ತುಂಬಿದ ದಿನ ಶಾಲೆಯಿಂದ ಬಂದವಳು ಪಾಟಿಚೀಲ ಇಳಿಸದೆ ಕಟ್ಟೆಯ ಮೇಲೆ ಕೂತು, ಎರಡೂ ಕೈ ಮೊಣಕಾಲಿಗೆ ಊರಿ, ಭುಜ ಎತ್ತಿ ಎತ್ತಿ ಉಸಿರೆಳೆಯುತ್ತಿದ್ದಳು. ರಾಣೇಬೆನ್ನೂರಿನ ಮಕ್ಕಳ ಡಾಕ್ಟರು ಅವಳ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ನಮ್ಮಿಬ್ಬರ ಕಡೆ ತಿರುಗಿದರು.

"ಔಷಧ ಕೊಡತೇನಿ. ಆದರ ನಾ ಈ ಕಡೆಯಿಂದ ಜಗ್ಗಿದ್ರ ಆ ಧೂಳು ಆ ಕಡೆಯಿಂದ ಜಗ್ಗತೈತಿ. ಮನಿ ಬದಲಿ ಮಾಡಾಕ ಆಗತೈತೇನು, ವಿಚಾರ ಮಾಡ್ರಿ."

ವಿಚಾರ ಮಾಡುವುದು ಅಷ್ಟು ಸುಲಭವಿರಲಿಲ್ಲ. ನನ್ನ ಗಂಡ ದಲಾಲಿ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷದಿಂದ ಮಾಲು ನೋಡುವ ಕೆಲಸದಲ್ಲಿದ್ದರು. ಒಂದು ಹಿಡಿ ಕಾಯಿ ಅಂಗೈಯಲ್ಲಿ ಹಿಡಿದು, ಒಂದನ್ನು ಮುರಿದು ಮೂಸಿ, ಯಾವ ಕಡೆಯ ಬೆಳೆ, ತೇವ ಎಷ್ಟಿದೆ, ಬಣ್ಣ ಎಷ್ಟು ದಿನ ತಡೆದೀತು ಎಂದು ಹೇಳುತ್ತಿದ್ದರು. ದೂರದೂರದಿಂದ ಚೀಲ ತಂದ ರೈತರು ಅವರ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು. ನಾನು ಹಾವೇರಿಯ ಹೈಸ್ಕೂಲಿನಲ್ಲಿ ಶಿಕ್ಷಕಿ. ಹಾವೇರಿ ಜಿಲ್ಲೆಯಾಗಿ ಕೆಲವೇ ವರ್ಷಗಳಾಗಿದ್ದವು. ಹೆದ್ದಾರಿ ಅಗಲ ಮಾಡುತ್ತಿದ್ದ ಕಾಲವದು. ಮಣ್ಣಿನ ರಾಶಿಗಳ ನಡುವೆ ಬಸ್ಸು ನಿಂತು ನಿಂತು ಹೋಗುತ್ತಿತ್ತು.

ಮನೆಯಲ್ಲಿದ್ದ ನಾಲ್ಕನೆಯವರು ನಮ್ಮ ಅತ್ತೆ. ಅವರ ಎರಡೂ ಕಣ್ಣು ಹೋಗಿ ಏಳು ವರ್ಷವಾಗಿತ್ತು. ಆ ಮನೆಯಲ್ಲಿ ಅವರನ್ನು ನೋಡಿದ ಹೊಸಬರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಒಲೆಯಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ, ಬಚ್ಚಲಿಂದ ಹಿತ್ತಲ ಬಾಗಿಲಿಗೆ ಐದು. ಬೆಳಿಗ್ಗೆ ರೊಟ್ಟಿ ಬಡಿಯುವವರು ಅವರೇ. ಅಂಚನ್ನು ಬೆರಳಿನಿಂದ ಸವರುತ್ತ ತಿರುಗಿಸುತ್ತಿದ್ದ ಆ ರೊಟ್ಟಿ, ಕಣ್ಣಿದ್ದ ನಾನು ಬಡಿದದ್ದಕ್ಕಿಂತ ದುಂಡಗಿರುತ್ತಿತ್ತು. ಮಧ್ಯಾಹ್ನ ಓಣಿಯ ಹೆಂಗಸರು ಕಾಯಿ ತೊಟ್ಟು ಬಿಡಿಸಲು ಕೂತರೆ ಇವರೂ ಅವರ ನಡುವೆ ಕೂತು, ಊರ ಸುದ್ದಿಯನ್ನೆಲ್ಲ ಕೇಳಿ ನಮಗೆ ಹೇಳುತ್ತಿದ್ದರು.

ಹೀಗಾಗಿ ಮನೆ ಬದಲಿಸುವ ಮಾತು ಬಂದಾಗಲೆಲ್ಲ ನನ್ನ ಗಂಡ ಒಂದೇ ಮಾತು ಹೇಳುತ್ತಿದ್ದರು: "ಅವ್ವನ್ನ ಈ ಮನಿಯಿಂದ ಎಬ್ಬಿಸಿದ್ರ ಆಕಿಗೆ ಮತ್ತೊಮ್ಮೆ ಕಣ್ಣು ಹೋದಂಗ."

"ಹಂಗಂತ ಮಗಳು ಉಸುರು ಸಿಗದ ಕುಂದ್ರಬೇಕೇನ್ರಿ?" ಎಂದು ನಾನು.

ಇಬ್ಬರದೂ ಸುಳ್ಳಲ್ಲ. ಅದಕ್ಕೇ ಜಗಳ ಮುಗಿಯುತ್ತಿರಲಿಲ್ಲ.

ಈ ನಡುವೆ ರಾಣೇಬೆನ್ನೂರಿನಲ್ಲಿದ್ದ ನನ್ನ ಗಂಡನ ಅಕ್ಕ ಹೊಸದೊಂದು ದಾರಿ ತೋರಿಸಿದರು. ಅವರದು ದೊಡ್ಡ ಮನೆ, ಪಕ್ಕದ ಎರಡು ಕೋಣೆ ಖಾಲಿಯಿದ್ದವು. ಅವರ ಯಜಮಾನರದು ಬೀಜದ ಅಂಗಡಿ. ಅಲ್ಲಿ ನಂಬಿಕೆಯ ಒಬ್ಬರು ಬೇಕಾಗಿದ್ದರು. ಡಾಕ್ಟರು ಹತ್ತು ನಿಮಿಷದ ದಾರಿ. "ಅವ್ವನೂ ನನ್ನ ಕಣ್ಣ ಮುಂದ ಇರತಾಳ. ಇನ್ನೇನು ಬೇಕು ನಿಮಗ?" ಎಂದರು. ನನ್ನ ಕೆಲಸದ ಮಾತು ಬಂದಾಗ, "ವರ್ಗಾ ಮಾಡಿಸ್ಕೋರಿ, ಆಗತೈತಿ" ಎಂದು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದರು. ವರ್ಗ ಎಂಬುದು ಹಾಗೆ ಕೇಳಿದ ಕೂಡಲೇ ಸಿಗುವುದಿಲ್ಲ. ಸಿಗುವವರೆಗೆ ನಾನು ರಾಣೇಬೆನ್ನೂರಿನಿಂದ ಹಾವೇರಿಗೆ, ಈಗಿನ ದಾರಿಗಿಂತ ಎರಡು ಪಟ್ಟಿಗೂ ಹೆಚ್ಚು ಓಡಾಡಬೇಕಿತ್ತು. ಆದರೆ ಉಳಿದ ಮೂವರಿಗೂ ಒಳ್ಳೆಯದಾಗುವಾಗ ನಾನೊಬ್ಬಳು ಬೇಡವೆನ್ನುವುದು ಹೇಗೆ? ಒಪ್ಪಿಕೊಂಡೆ.

ಹೊಂದುತ್ತದೋ ಇಲ್ಲವೋ ನೋಡೋಣ ಎಂದು ಅತ್ತೆಯನ್ನು ಮೊದಲು ಎಂಟು ದಿನ ಅಲ್ಲಿ ಬಿಟ್ಟೆವು. ಕರೆತರಲು ನಾನೂ ಮಗಳೂ ರೈಲಿನಲ್ಲಿ ಹೋದಾಗ ಅವರು ಪಡಸಾಲೆಯಲ್ಲಿ ಎತ್ತರದ ಕುರ್ಚಿಯ ಮೇಲೆ, ಪಾದ ನೆಲಕ್ಕೆ ತಾಕದಂತೆ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅಕ್ಕನವರು ತಾಯಿಯನ್ನು ಹೂವಿನಂತೆ ನೋಡಿಕೊಂಡಿದ್ದರು, ಅದರಲ್ಲಿ ಎರಡು ಮಾತಿಲ್ಲ. ಬಿದ್ದಾರೆಂದು ಏಳಲು ಬಿಟ್ಟಿರಲಿಲ್ಲ, ಸುಟ್ಟುಕೊಂಡಾರೆಂದು ಒಲೆಯ ಹತ್ತಿರ ಬಿಟ್ಟಿರಲಿಲ್ಲ.

ರೈಲು ಹೊರಟ ಮೇಲೆ ಅತ್ತೆ ನನ್ನ ಕೈ ಹುಡುಕಿ ಹಿಡಿದುಕೊಂಡರು.

"ಏನೂ ತ್ರಾಸ ಇರಲಿಲ್ಲ ಯವ್ವಾ. ನೀರಿನ ಲೋಟಾನೂ ಬಾಯಿಗೇ ಹಿಡಿತಿದ್ಲು. ಆದರ ಎಂಟ ದಿನದಾಗ ಒಂದ ರೊಟ್ಟಿ ಬಡಿಲಿಲ್ಲ ನೋಡು. ಈ ಕೈ ನನ್ನವು ಹೌದೋ ಅಲ್ಲೋ ಅನ್ನಂಗಾತು."

ಮರುದಿನ ಭಾನುವಾರ. ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದೆವು. ಅತ್ತೆಯ ಮಾತು ಕೇಳಿ ರಾಣೇಬೆನ್ನೂರು ಬೇಡವೆಂದು ಗಟ್ಟಿಯಾದ ಕೂಡಲೇ ನಾನು ಹಾವೇರಿಯ ಮಾತೆತ್ತಿದೆ. ಮಗಳ ಉಸಿರಿಗೆ ಒಳ್ಳೆಯದು ಎಂದೆ. ಅವ್ವಗೆ ಆಗುವುದಿಲ್ಲ ಎಂದು ಇವರು. ದನಿಗಳು ಏರಿದವು. ಅತ್ತೆ ತುತ್ತನ್ನು ತಾಟಿನಲ್ಲಿ ಇಟ್ಟರು.

"ತಡೀರಿ. ನೀ ನನ್ನ ಹೆಸರ ಹೇಳಾಕತ್ತಿ, ಆಕಿ ಹುಡುಗಿ ಹೆಸರ ಹೇಳಾಕತ್ತಾಳ. ನಿಮಗೇನ ಬೇಕು ಅನ್ನೂದನ್ನ ಒಬ್ಬರೂ ಹೇಳವಲ್ರಿ. ನನಗ ಕಣ್ಣ ಕಾಣಂಗಿಲ್ಲ, ಕಿವಿ ಛಲೋ ಕೇಳತಾವ."

ನನ್ನ ಗಂಡ ತಾಟಿನ ಅಂಚಿಗೆ ಮೆತ್ತಿದ್ದ ಪಲ್ಯವನ್ನು ಬೆರಳಿನಿಂದ ಸರಿಸುತ್ತ ಕೂತರು. ಆಮೇಲೆ ಮೆಲ್ಲಗೆ ಹೇಳಿದರು:

"ಮಾರ್ಕೆಟ್ಟಿನ್ಯಾಗ ನಾ ಬಂದೆ ಅಂದ್ರ ಮಂದಿ ಸರದು ಜಾಗಾ ಕೊಡತಾರವ್ವಾ. ಅಲ್ಲಿಂದ ಹೊರಗ ಬಂದ್ರ ನಾ ಯಾರು? ಅಕ್ಕನ ಗಂಡನ ಅಂಗಡ್ಯಾಗ ಕುಂತ್ರ ಮಾಲೀಕರ ಹೆಂಡ್ತಿ ತಮ್ಮ, ಅಷ್ಟ. ನನಗ ಬ್ಯಾರೆ ಕೆಲಸಾ ಬರಂಗಿಲ್ಲ. ಅಂಜಿಕಿ ಬರತೈತಿ."

ಹನ್ನೆರಡು ವರ್ಷ ಸಂಸಾರ ಮಾಡಿದ್ದೆ. ಅವರ ಬಾಯಲ್ಲಿ ಆ ಕೊನೆಯ ಮಾತನ್ನು ನಾನು ಎಂದೂ ಕೇಳಿರಲಿಲ್ಲ.

ಈಗ ನನ್ನ ಸರದಿ. ಹೇಳಲು ಬಾಯಿ ತೆರೆದೆ, ಅಳುವೇ ಮೊದಲು ಬಂತು. "ನನಗ ಸಾಕಾಗೇತ್ರಿ ಅತ್ತಿ. ನಸುಕಿನ್ಯಾಗ ಎದ್ದು ಓಡೂದು, ನಿಂತಕೊಂಡ ಹೋಗೂದು, ನಿಂತಕೊಂಡ ಬರೂದು. ಸಂಜೀಕ ಮನಿಗೆ ಬಂದು ಒಂದ ತಾಸು ಸುಮ್ನ ಕುಂದ್ರಬೇಕು ಅನಸತೈತಿ." ಮಗಳ ಕೆಮ್ಮಿನ ಹಿಂದೆ ನನ್ನ ದಣಿವನ್ನು ಬಚ್ಚಿಟ್ಟುಕೊಂಡಿದ್ದೆ. ಆ ಕೆಮ್ಮು ನಿಜವೇ ಆಗಿದ್ದರೂ ನಾಚಿಕೆಯಾಯಿತು.

ಮಗಳು ಇದನ್ನೆಲ್ಲ ಕೇಳುತ್ತ, ತನ್ನ ಅನ್ನವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದೂಡುತ್ತ ಕೂತಿದ್ದಳು. "ನನ್ನ ದಮ್ಮಿನ ಸಲುವಾಗಿ ಊರ ಬಿಟ್ವಿ ಅಂತ ಮುಂದ ಯಾರೂ ಅನ್ನಬಾರದು. ಹಂಗಾದ್ರ ಎಲ್ಲಿಗಾದ್ರೂ ಬರ್ತೇನಿ," ಎಂದಳು. ನನ್ನ ಗಂಡ ಎಂಜಲು ಕೈಯನ್ನು ದೂರ ಹಿಡಿದು, ಇನ್ನೊಂದು ಕೈಯಿಂದ ಅವಳನ್ನು ತಮ್ಮ ಮಗ್ಗುಲಿಗೆ ಎಳೆದುಕೊಂಡರು.

"ನಿಮಗ ಏನ ಬೇಕ್ರಿ ಅತ್ತಿ?" ಎಂದು ಕೇಳಿದೆ. ಅಷ್ಟು ತಿಂಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಅವರಿಗೆ ಕೇಳಿರಲೇ ಇಲ್ಲ.

"ಮೆಟ್ಟಲ ಹತ್ತೂ ಮನಿ ಬ್ಯಾಡ. ಹೊಸ್ತಿಲದಾಗ ಕುಂತ್ರ ಮಂದಿ ಮಾತಾಡೂದು ಕೇಳಬೇಕು. ಒಲಿ ನನ್ನ ಕೈಯಾಗ ಇರಬೇಕು. ಇಷ್ಟಿದ್ರ ಯಾವ ಊರಾದ್ರೇನು? ರೊಟ್ಟಿ ಬಡಿಯೂಮುಂದ ಆ ಹುಡುಗಿ ಉಸುರು ಎಳಿಯೂದು ನಿಮ್ಮೆಲ್ಲಾರಕಿಂತ ಮೊದಲು ನನಗ ಕೇಳತೈತಿ. ಅದನ್ನ ಕೇಳಿಕೋತ ಇಲ್ಲೇ ಇರ್ತೇನಿ ಅನ್ನಾಕ ನಾ ಏನ ಕಲ್ಲೇನು?"

ಊಟ ಮುಗಿಯುವಷ್ಟರಲ್ಲಿ ಹಾವೇರಿ ಎಂದಾಯಿತು. ನನ್ನ ಗಂಡ ಕೆಲಸ ಬಿಡುವುದಿಲ್ಲ. ದಿನಾ ಓಡಾಡುವ ಸರದಿ ಇನ್ನು ಅವರದು. "ನೀ ಇಷ್ಟ ದಿನಾ ಅಡ್ಡಾಡಿದಿ, ಇನ್ನ ನಾ ಅಡ್ಡಾಡತೇನಿ," ಎಂದರು.

ಮನೆ ಸಿಗಲು ಎರಡು ತಿಂಗಳು ಹಿಡಿಯಿತು. ಚಲೋ ಮನೆಗಳೆಲ್ಲ ಮಹಡಿಯ ಮೇಲಿದ್ದವು. ಕೊನೆಗೆ ಹಳೆಯ ಓಣಿಯೊಂದರಲ್ಲಿ ನೆಲಮಟ್ಟದ ಮನೆ ಸಿಕ್ಕಿತು, ಬಾಗಿಲು ರಸ್ತೆಗೇ ತೆರೆಯುವಂಥದು. ಒಂದೇ ತೊಡಕು, ಬ್ಯಾಡಗಿಯ ಮನೆಯನ್ನು ಕನ್ನಡಿಯಲ್ಲಿ ನೋಡಿದ ಹಾಗೆ ಎಲ್ಲವೂ ತಿರುಗಿ ಇತ್ತು. ಅಲ್ಲಿ ಬಲಕ್ಕಿದ್ದ ಬಚ್ಚಲು ಇಲ್ಲಿ ಎಡಕ್ಕೆ. ಬಲಕ್ಕೆ ಹೋದರೆ ಹಿತ್ತಲಿಗೆ ಇಳಿಯುವ ಎರಡು ಮೆಟ್ಟಿಲು.

ನಾಲ್ಕನೆಯ ದಿನ ಅತ್ತೆ ಬಲಕ್ಕೆ ಹೋದರು.

ಹುಬ್ಬಿನ ಮೇಲೆ ಹೊಲಿಗೆ ಬಿದ್ದವು. ಆಸ್ಪತ್ರೆಯ ಬೆಂಚಿನ ಮೇಲೆ ತಾಯಿಯನ್ನು ತೋಳಿಗೆ ಒರಗಿಸಿಕೊಂಡು ಕೂತಿದ್ದ ನನ್ನ ಗಂಡ ನನ್ನ ಕಡೆ ಒಮ್ಮೆ ನೋಡಿದರು, ಏನೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ಆ ವಾರ ಅವರು ಬ್ಯಾಡಗಿಯ ಹಳೆಯ ಮನೆಯ ಮಾಲೀಕರನ್ನು ಕಂಡು, ಮನೆ ಮತ್ತೆ ಸಿಕ್ಕೀತೇ ಎಂದು ಕೇಳಿದ್ದರಂತೆ. ಆ ಮನೆಗೆ ಆಗಲೇ ಬೇರೆಯವರು ಬಂದಿದ್ದರು. ಇದು ನನಗೆ ಗೊತ್ತಾದದ್ದು ಬಹಳ ದಿನಗಳ ಮೇಲೆ. ನಾನೂ ಅದನ್ನೇ ಕೇಳಬೇಕೆಂದುಕೊಂಡಿದ್ದೆ ಎಂದು ಅವರಿಗೆ ಆಗ ಹೇಳಿದೆ.

ಅತ್ತೆ ಮಾತ್ರ ಹೊಲಿಗೆ ಬಿಚ್ಚುವ ಮೊದಲೇ ಎದ್ದು ಹೆಜ್ಜೆ ಎಣಿಸತೊಡಗಿದರು. ಮಗಳು ಹಿಂದೆ ಹಿಂದೆ "ಎಡಕ್ಕ ಅಜ್ಜಿ, ಎಡಕ್ಕ" ಎಂದು ಕೂಗಿದರೆ, "ಸುಮ್ನಿರಲೇ, ಎಣಿಕಿ ತಪ್ಪತೈತಿ" ಎಂದು ಗದರುತ್ತಿದ್ದರು. ಉಪ್ಪಿನ ಡಬ್ಬಿಗೆ ಕೈಹಾಕಿ ಸಕ್ಕರೆ ತೆಗೆದ ದಿನಗಳೂ ಇದ್ದವು. ಆ ಮಳೆಗಾಲ ಮುಗಿಯುವ ಹೊತ್ತಿಗೆ ರೊಟ್ಟಿ ಮತ್ತೆ ದುಂಡಗಾದವು.

ಸುಗ್ಗಿ ಬಂತು. ನನ್ನ ಗಂಡ ಸಂಜೆ ಮುಂಬಾಗಿಲಿಂದ ಒಳಗೆ ಬರದೆ, ಹಿತ್ತಲ ಕಡೆಯಿಂದ ನೇರ ಬಚ್ಚಲಿಗೆ ಹೋಗಿ, ಧೂಳಿನ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿ, ಮೈ ತೊಳೆದುಕೊಂಡೇ ಮಗಳ ಹತ್ತಿರ ಬರುತ್ತಿದ್ದರು. ಬಸ್ಸಿನ ಓಡಾಟಕ್ಕೆ ಸೊರಗಿದರು. ಮಗಳಿಗೆ ಆ ವರ್ಷ ದಮ್ಮು ಎರಡೇ ಸಲ ಬಂತು. ಪೂರ್ತಿ ಹೋಗಲಿಲ್ಲ; ಚಳಿಗಾಲಕ್ಕೆ ಈಗಲೂ ಔಷಧ ಹತ್ತಿರ ಇಟ್ಟುಕೊಳ್ಳುತ್ತಾಳೆ. ನನಗೆ ಸಂಜೆಯ ಒಂದು ತಾಸು ಸಿಕ್ಕಿತು. ಮೊದಮೊದಲು, ಗಂಡ ಇನ್ನೂ ಬಸ್ಸಿನಲ್ಲಿ ನಿಂತಿರುತ್ತಾರೆ ಎಂದು ನೆನಪಾಗಿ, ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಒಂದು ದಿನ ಶಾಲೆಯಿಂದ ಬಂದಾಗ ಮನೆಯ ಬಾಗಿಲು ಮುಂದಕ್ಕೆ ಎಳೆದಿತ್ತು, ಒಳಗೆ ಅತ್ತೆ ಇರಲಿಲ್ಲ. ಬಚ್ಚಲು, ಹಿತ್ತಲು ಎಲ್ಲ ನೋಡಿದೆ. ಓಣಿಗೆ ಓಡಿದೆ. ನಾಲ್ಕು ಮನೆ ಆಚೆ, ಮುಸ್ಲಿಂ ಮನೆತನವೊಂದರ ಅಂಗಳದಿಂದ ಪರಿಚಿತ ನಗು ಕೇಳಿಸಿತು. ಹಬ್ಬಕ್ಕೆಂದು ಶಾವಿಗೆ ಮಾಡುತ್ತಿದ್ದರು. ನಮ್ಮ ಅತ್ತೆ ಆ ಮನೆಯ ಅಜ್ಜಿಯ ಎದುರು ಕಾಲು ಚಾಚಿ ಕೂತು ಹಿಟ್ಟು ನಾದುತ್ತಿದ್ದರು.

"ಬಾ ಬೇಟಿ, ಕುಂದ್ರು," ಎಂದರು ಆ ಅಜ್ಜಿ. "ನಿಮ್ಮ ಅತ್ತಿ ಒಬ್ಬಾಕೀನ ಬಂದಾಳ. ನಾ ನೋಡಿ ಗಾಬರಿ ಆದೆ."

"ಗ್ವಾಡಿ ಹಿಡಕೊಂಡ ಬಂದೆ," ಎಂದು ಅತ್ತೆ, ಗೋಡೆ ಸವರುವಂತೆ ಹಿಟ್ಟಿನ ಕೈ ಆಡಿಸಿ, ಏನೂ ಆಗದವರಂತೆ ಹೇಳಿದರು. "ನಡುವ ಒಂದ ಕಡೆ ಗಟಾರ ತೆರದೈತಿ. ಅದೂ ಗೊತ್ತಾತು."

ಬಯ್ಯಬೇಕೆಂದು ಬಂದವಳು ಅಲ್ಲೇ ಕೂತುಬಿಟ್ಟೆ. ಆ ಅಜ್ಜಿ ನೀರು ಕೊಟ್ಟರು.

ಸಂಜೆ ನನ್ನ ಗಂಡನಿಗೆ ಹೇಳಿದೆ. "ಒಬ್ಬಾಕೀನ?" ಎಂದರು. ಮತ್ತೊಮ್ಮೆ, "ಖರೇನ ಒಬ್ಬಾಕೀನ?" ಎಂದರು. ಆಮೇಲೆ ಒದ್ದೆ ತಲೆಯನ್ನು ಟವೆಲ್ಲಿನಿಂದ ಒರೆಸುತ್ತ ನಕ್ಕರು. ಹಾವೇರಿಗೆ ಬಂದ ಮೇಲೆ ಅವರು ಹಾಗೆ ನಕ್ಕಿದ್ದು ಅದೇ ಮೊದಲು.

ಮುಂದಿನ ಭಾನುವಾರ ಎಲ್ಲಿಂದಲೋ ಒಂದು ಕಡಪಾ ಕಲ್ಲನ್ನು ಕೈಗಾಡಿಯಲ್ಲಿ ತಂದರು. ಓಣಿಯ ಇಬ್ಬರು ಗಂಡಸರು ಹೊರಗೆ ಬಂದು, ಯಾಕೆ ಏನು ಎಂದು ಕೇಳಿ, ತಾವೂ ಕೈಹಚ್ಚಿದರು. ಮೂವರೂ ಸೇರಿ ಅದನ್ನು ಗಟಾರದ ಮೇಲೆ ಹಾಸಿ, ಅಲುಗದಂತೆ ಸಂದಿಗೆ ಕಲ್ಲುಚೂರು ತುರುಕಿದರು. ಅತ್ತೆ ಹೊಸ್ತಿಲಲ್ಲಿ ಕೂತು, ಹಾರೆಯ ಸದ್ದು ಬಂದ ಕಡೆ ಮುಖ ತಿರುಗಿಸಿ, ಚಹಾಕ್ಕೆ ನೀರಿಡು ಎಂದು ನನಗೆ ಹೇಳಿದರು.