ದೋಣಿಯ ಹಲಗೆಯ ಮೇಲಿನ ಪಾಳಿ

ನಮ್ಮ ಸಾಲೆಯ ಡ್ರಾಯಿಂಗ್ ಮಾಸ್ತರರು ಸದಾ ದಣಿದವರಂತೆಯೇ ಕಾಣುತ್ತಿದ್ದರು. ಎಪ್ಪತ್ತರ ದಶಕದಲ್ಲಿ ದೀಪಾವಳಿ ಸೂಟಿ ಬಂತೆಂದರೆ ನಾವು ಐದು ಮಂದಿ ಮಾಸ್ತರರು ಬೆಳಗಾವಿಯಿಂದ ಖಾನಾಪುರಕ್ಕೆ ಹೋಗಿ, ಸಣ್ಣ ದೋಣಿಗಳಲ್ಲಿ ಮಲಪ್ರಭೆಗಿಳಿದು, ಮೂರು ದಿನ ದಂಡೆಯಲ್ಲೇ ಬಿಡಾರ ಹೂಡುತ್ತಿದ್ದೆವು. ಯಾವ ಹೊತ್ತಿನ ಅಡುಗೆ ಯಾರದೆಂದು ಡ್ರಾಯಿಂಗ್ ಮಾಸ್ತರರು ಹೊರಡುವ ಮೊದಲೇ ದೋಣಿಯ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದರು. ಯಾರಾದರೂ ಗೊಣಗಿದರೆ, "ಪಾಳಿ ಅಂದ್ರ ಪಾಳಿರೀ," ಎನ್ನುತ್ತಿದ್ದರು. ಹುಟ್ಟು ಹಾಕಿ ಎಲ್ಲರ ತೋಳೂ ಸೋತಿರುವ ಮೊದಲ ಸಂಜೆಗೆ ಮಾತ್ರ ಪ್ರತಿ ವರ್ಷವೂ ಅವರದೇ ಹೆಸರು.

ಒಂದು ವರ್ಷ ಅನ್ನಕ್ಕೆ ಎಸರಿಟ್ಟ ಡ್ರಾಯಿಂಗ್ ಮಾಸ್ತರರು ಒಲೆಯ ಮುಂದೆ ಕುಳಿತಲ್ಲೇ ನಿದ್ದೆ ಹೋದರು. ನಮ್ಮ ಗಣಿತದ ಮಾಸ್ತರರು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ನಾವು ನೋಡುವಷ್ಟರಲ್ಲಿ ಸೂರ್ಯ ಗಿಡಗಳ ಹಿಂದೆ ಇಳಿದಿದ್ದ. ನಾನು ಎಬ್ಬಿಸಹೋದರೆ ಗಣಿತದವರು ಕೈ ಹಿಡಿದರು.

"ಮಲಗ್ಲಿ ಬಿಡ್ರಿ. ಒಲಿನೂ ಆರೇತಿ. ಒಂದ್ ಹೊತ್ತು ಉಣ್ಣದಿದ್ರ ನಾ ಏನ್ ಸಾಯಂಗಿಲ್ಲ."

ಎಚ್ಚರವಾದ ಡ್ರಾಯಿಂಗ್ ಮಾಸ್ತರರು ಒಲೆ ನೋಡಿದರು, ಆಕಾಶ ನೋಡಿದರು. ಆಮೇಲೆ ಮತ್ತೆ ಒಲೆ ಹೊತ್ತಿಸಿ, ನಮಗೆ ಅನ್ನ ಮಾಡಿ ಬಡಿಸಿ, ತಾವು ಮಾತ್ರ ಉಣ್ಣಲಿಲ್ಲ.

ಮರುವರ್ಷ ಮತ್ತೆ ಮೊದಲ ಸಂಜೆಗೆ ತಮ್ಮ ಹೆಸರನ್ನೇ ಬರೆದರು. ಗಣಿತದವರು ಅದನ್ನು ಅಂಗೈಯಿಂದ ಒರೆಸಿ, ತಮ್ಮ ಹೆಸರು ಬರೆದರು.

"ಹಸಿಯೋ ಹೊಟ್ಟಿ ನಂದು, ಪಾಳಿನೂ ನಂದ. ಪಾಳಿ ಅಂದ್ರ ಪಾಳಿರೀ."

ಆ ಸಂಜೆ ದಂಡೆಗೆ ಹತ್ತಿದ ಮೇಲೆ ಡ್ರಾಯಿಂಗ್ ಮಾಸ್ತರರು ಟವೆಲ್ ಹಾಸುತ್ತ, "ಹಂಗಾರ ನಾ ಸ್ವಲ್ಪ ಅಡ್ಡಾಗ್ಲೇನ್ರೀ?" ಎಂದು ನಮ್ಮನ್ನೆಲ್ಲ ಕೇಳಿದರು.