ಕತ್ತು ವಾಲಿದ ಬತಾಸು

ಅಡುಗೆ ಮಾಡುತ್ತ ಫೋನಿನಲ್ಲಿ ಮಾತಾಡುವವರ ಕತ್ತನ್ನು ನೀವು ಗಮನಿಸಿರಬಹುದು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಇಕ್ಕಳ. ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡು, ತಲೆ ಒಂದು ಪಕ್ಕಕ್ಕೆ ಶರಣಾಗಿರುತ್ತದೆ. ನನ್ನ ಅರ್ಧ ಆಯುಷ್ಯ ಈ ಭಂಗಿಯಲ್ಲೇ ಕಳೆದಿದೆ. ಆದ್ದರಿಂದ ನಮ್ಮ ಮೊಲ ಒಂದು ಬೆಳಿಗ್ಗೆ ಇದೇ ಭಂಗಿಯಲ್ಲಿ ಕೂತಿದ್ದನ್ನು ಕಂಡು ನನಗೆ ಮೊದಲು ಬಂದದ್ದು ನಗು. ಅಥವಾ ಹಾಗೆಂದು ಈಗ ಅನ್ನಿಸುತ್ತದೆ. ನಡೆದದ್ದನ್ನು ಸ್ವಲ್ಪ ಒಪ್ಪ ಮಾಡಿಯೇ ಒಳಗಿಟ್ಟುಕೊಳ್ಳುವ ಕೆಟ್ಟ ಚಾಳಿ ನನ್ನ ನೆನಪಿಗಿದೆ. ಅತ್ತೆ ನಕ್ಕದ್ದಂತೂ ಖಚಿತ.

"ಯಾರ ಜೊತಿಗೆ ಫೋನಿನಾಗೆ ಮಾತಾಡ್ತೈತೆ ನೋಡವ್ವ ನಿನ್ನ ಬತಾಸು? ನಿನ್ನ ನೋಡೇ ಕಲ್ತೈತೆ."

ಬೆಳ್ಳಗೆ, ಉಬ್ಬಿಕೊಂಡು, ಬಾಯಿಗಿಟ್ಟರೆ ಕರಗೀತು ಎಂಬಂತಿದ್ದುದರಿಂದ ಅದಕ್ಕೆ ಆ ಸಿಹಿತಿಂಡಿಯ ಹೆಸರು. ಅದು ನನ್ನತ್ತ ಹೊರಟಿತು, ಉರುಳಿತು, ಎದ್ದು ಮತ್ತೆ ಉರುಳಿತು. ಕಣ್ಣುಗುಡ್ಡೆಗಳು ಅತ್ತಿಂದಿತ್ತ ಓಡುತ್ತಿದ್ದವು. ಅತ್ತೆಯ ನಗು ನಿಂತಿತು.

ದಾವಣಗೆರೆಯಲ್ಲಿ ನಾವು ವಿಚಾರಿಸಿದವರೆಲ್ಲ ಎಮ್ಮೆ ಆಕಳುಗಳ ಡಾಕ್ಟರನ್ನೇ ಹೇಳಿದರು. ಮೊಲಗಳನ್ನು ನೋಡುವ ಡಾಕ್ಟರಮ್ಮ ಹರಿಹರದಲ್ಲಿದ್ದಾರೆಂದು ತಿಳಿದು, ಬುಟ್ಟಿಗೆ ಟವೆಲು ಹಾಸಿ, ಅದನ್ನು ಕೂರಿಸಿ, ನಮ್ಮವರ ಸ್ಕೂಟರಿನ ಹಿಂದೆ ಕೂತು ತೊಡೆಯ ಮೇಲಿಟ್ಟುಕೊಂಡು ಹೊರಟೆ. ಡಾಕ್ಟರಮ್ಮ ತೂಗಿದರು: ಎರಡು ಕೆಜಿ.

"ಒಳಗಿವಿಗೋ ಮಿದುಳಿಗೋ ಏನೋ ತಗುಲೈತೆ. ಅದರ ಪಾಲಿಗೆ ಭೂಮಿನೇ ತಿರುಗ್ತಾ ಐತೆ. ಔಷಧಿ ಕೊಡ್ತೀನಿ, ಹೊಟ್ಟೆ ಮಾತ್ರ ಖಾಲಿ ಬಿಡಬ್ಯಾಡ್ರಿ. ತೂಕ ನೋಡ್ತಾ ಇರ್ರಿ. ಇಳೀತಾ ಹೋದ್ರೆ ನರಳಿಸೋದು ಬ್ಯಾಡ, ಒಂದು ಸೂಜಿ ಹಾಕಿ ಕಳಿಸಿಕೊಡೋಣ."

ಆಮೇಲಿನ ಮಧ್ಯಾಹ್ನಗಳೆಲ್ಲ ನನಗೆ ಒಂದೇ ಉದ್ದನೆಯ ಮಧ್ಯಾಹ್ನವಾಗಿ ಉಳಿದಿವೆ. ನೆಲ ಜಾರದಿರಲೆಂದು ನಮ್ಮವರ ಅಂಗಡಿಯ ಗೋಣಿಚೀಲ ಹಾಸಿ, ಬತಾಸುವನ್ನು ತೊಡೆಗೆ ಒತ್ತಿಕೊಂಡು, ಸೊಪ್ಪು ಅರೆದು ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಗೆ ಹಿಂಡುತ್ತಿದ್ದೆ. ಕಿಟಕಿಯ ಬಿಸಿಲು ನಿಧಾನವಾಗಿ ಗೋಣಿಯ ಮೇಲೆ ಸರಿಯುತ್ತಿತ್ತು. ಅದರ ಎದೆಬಡಿತ ನನ್ನ ಅಂಗೈಗೆ ತಾಗುತ್ತ, ಫ್ಯಾನು, ಗೋಡೆ, ಗೋಡೆಯ ಮೇಲಿನ ನಮ್ಮ ಮದುವೆಯ ಫೋಟೋ ಎಲ್ಲವೂ ಮೆಲ್ಲಗೆ ತಿರುಗತೊಡಗುತ್ತಿದ್ದವು. ತಿರುಗುತ್ತಿದ್ದುದು ಅದರ ಲೋಕವೋ ನನ್ನ ತೂಕಡಿಕೆಯೋ, ವಿಶ್ವವಿದ್ಯಾಲಯದಲ್ಲಿ ಕಲಿತ ತತ್ವಶಾಸ್ತ್ರ ಹೇಳಲಿಲ್ಲ.

ಒಂದು ದಿನ ನಮ್ಮವರು ಅದನ್ನು ಮಂಡಿಪೇಟೆಯ ತಮ್ಮ ಬೇಳೆಕಾಳಿನ ಅಂಗಡಿಗೆ ಒಯ್ದು ತೂಗಿ ತಂದರು. ಬುಟ್ಟಿ ಇಳಿಸಿ, ನನ್ನ ಮುಖ ನೋಡದೆ ಹೇಳಿದರು: "ಒಂದೂಕಾಲು."

ಫೋನು ಮಾಡಿದೆ. "ಕರ್ಕೊಂಡು ಬರ್ರಿ" ಎಂದಷ್ಟೇ ಅಂದರು ಡಾಕ್ಟರಮ್ಮ. ಹೊರಡುವಾಗ ಅತ್ತೆ ಒಂದು ಕಟ್ಟು ಕೊತ್ತಂಬರಿ ತಂದು ಬುಟ್ಟಿಯೊಳಗಿಟ್ಟರು. "ದಾರಿಯಾಗೆ ತಿನ್ಲಿ. ಹಸಕೊಂಡು ಹೋಗಬಾರದು."

ದಾರಿಯಿಡೀ ಬುಟ್ಟಿಯೊಳಗಿಂದ ಸೊಪ್ಪು ಕತ್ತರಿಸುವ ಸಣ್ಣ ಸದ್ದು ಕೇಳುತ್ತಿತ್ತು. ಸಾಯಿಸಲು ಒಯ್ಯುತ್ತಿರುವ ಪ್ರಾಣಿ ತಾನಾಗಿಯೇ ತಿನ್ನುತ್ತಿದೆ ಎಂಬುದು ನನಗೆ ಆಗ ಹೊಳೆಯಲಿಲ್ಲ. ದುಃಖಪಡುವುದರಲ್ಲಿ ಅಷ್ಟು ಮಗ್ನಳಾಗಿದ್ದೆ.

ಡಾಕ್ಟರಮ್ಮ ಸೂಜಿಗೆ ಮುಂಚೆ ಮತ್ತೊಮ್ಮೆ ತೂಗಿದರು. ಎರಡು ಕೆಜಿಗೆ ಒಂದು ಹಿಡಿಯಷ್ಟೇ ಕಡಿಮೆ.

"ಅಂಗಡ್ಯಾಗೆ ಹೆಂಗೆ ತೂಗಿದ್ರಿ?"

"ಖಾಲಿ ಬುಟ್ಟಿ ಇಟ್ಟು ತೂಕದ ಕಾಟಾ ಸೊನ್ನೆ ಮಾಡಿದೆ. ಇದನ್ನ ಕೂರಿಸಿದೆ. ಬಂದ ತೂಕದಾಗೆ ಬುಟ್ಟಿದು ಕಳೆದೆ."

"ಸೊನ್ನೆ ಮಾಡಿದ ಮ್ಯಾಲೆ ಮತ್ಯಾಕ ಕಳೆದ್ರಿ?"

ನಮ್ಮವರು ಬುಟ್ಟಿಯನ್ನು ನೋಡಿದರು. "ಚೀಲದ ತೂಕ ಕಳೀದೆ ಲೆಕ್ಕ ಹೇಳಿದ ಬಾಯಲ್ರಿ ಇದು. ತಾತನ ಕಾಲದಿಂದ ಹಂಗೇ ಐತೆ."

"ನಿಮಗೆ ಕಾಳು ಮಾರೋ ರೈತರನ್ನ ಆ ಶಿವನೇ ಕಾಪಾಡಬೇಕು" ಎಂದು ಡಾಕ್ಟರಮ್ಮ ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. ನಮ್ಮವರು ನಗಲು ಹೋಗಿ ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟರು.

ವಾಪಸು ಬರುವ ಮೊದಲು ಹೊಳೆಯ ದಂಡೆಗೆ ಹೋದೆವು. ನನ್ನ ನೆನಪಿನಲ್ಲಿ ತುಂಗಭದ್ರೆ ತುಂಬಿ ಹರಿಯುತ್ತಿದ್ದಳು. ಬತಾಸು ನನ್ನ ಮಡಿಲಿನಿಂದ ಕತ್ತು ವಾಲಿಸಿ ನೀರನ್ನೇ ನೋಡುತ್ತಿತ್ತು. "ಬ್ಯಾಸಿಗ್ಯಾಗೆ ನೀರೆಲ್ಲಿತ್ತೇ? ಬರೀ ಬಂಡೆ, ಮರಳು" ಎನ್ನುತ್ತಾರೆ ನಮ್ಮವರು. ಇರಬಹುದು. ಬುಟ್ಟಿಯನ್ನು ಎರಡು ಸಲ ಕಳೆದವರ ಮಾತನ್ನು ಎಷ್ಟು ನಂಬುವುದೋ, ಇಲ್ಲದ ನೀರನ್ನು ಕೂಡಿಸಿಕೊಂಡ ನನ್ನನ್ನೂ ಅಷ್ಟೇ ನಂಬಿ.

ಬತಾಸು ಈಗ ಉರುಳುವುದಿಲ್ಲ, ಆದರೆ ಕತ್ತು ನೆಟ್ಟಗಾಗಲೇ ಇಲ್ಲ. ನಾನು ಒಗ್ಗರಣೆ ಹಾಕುತ್ತ ಫೋನಿನಲ್ಲಿರುವಾಗ ಅದು ಹೊಸ್ತಿಲಾಚೆ ಬಂದು ಕೂರುತ್ತದೆ. ನನ್ನ ತಲೆ ಎಡಕ್ಕೆ, ಅದರದು ತನ್ನ ಬಲಕ್ಕೆ; ಎದುರುಬದುರಾದಾಗ ಎರಡೂ ಒಂದೇ ಕಡೆಗೆ. ಫೋನಿನ ಆಚೆ ಬದಿಯವರು ಏನು ಹೇಳುತ್ತಿದ್ದಾರೆಂಬುದು ತಪ್ಪಿಹೋಗುತ್ತದೆ. ಎದುರಿಗಿರುವ ಆ ಪುಟ್ಟ ಮುಖ ಅಷ್ಟು ನೆಟ್ಟಗೆ ಕಾಣುತ್ತಿರುತ್ತದೆ.